ಮಾತ್ರೆ ಬರೆದುಕೊಡುವವರು ಮೊದಲ ಎರಡು ವಾರದ ಬಗ್ಗೆಯೂ ಹೇಳಬೇಕು

ಆತಂಕದ ಕಾಯಿಲೆಗೆ ಮಾತ್ರೆ ಶುರು ಮಾಡಿದ ಎಷ್ಟೋ ಜನ ಮೊದಲ ವಾರದಲ್ಲೇ ಬಿಟ್ಟುಬಿಡುತ್ತಾರೆ. "ಅವಳಿಗೆ ಮನಸ್ಸು ಗಟ್ಟಿ ಇಲ್ಲ" ಅನ್ನುತ್ತಾರೆ ಮನೆಯವರು. ನಾನು ಇದನ್ನು ಒಪ್ಪುವುದಿಲ್ಲ. ಮಾತ್ರೆ ಶುರು ಮಾಡಿದಾಗ ಏನಾಗುತ್ತದೆ, ಬಿಡುವಾಗ ಏನಾಗುತ್ತದೆ ಅಂತ ಅವರಿಗೆ ಯಾರೂ ಮುಂಚೆ ಹೇಳಿರುವುದಿಲ್ಲ.

ಆತಂಕಕ್ಕೂ ಖಿನ್ನತೆಗೂ ಕೊಡುವ ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್ ಗುಂಪಿನ ಮಾತ್ರೆಗಳು ಗಾಬರಿ ಇಳಿಸುವ ಮುಂಚೆ ಕೆಲವರಿಗೆ ಸ್ವಲ್ಪ ದಿನ ಏರಿಸುತ್ತವೆ. ಮಾತ್ರೆ ಮೊದಲ ದಿನದಿಂದಲೇ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಶುರು ಮಾಡುತ್ತದೆ, ಆದರೆ ಮೆದುಳು ಅದಕ್ಕೆ ಹೊಂದಿಕೊಳ್ಳಲು ವಾರಗಳು ಬೇಕು. ದೇಹದ ಸೆರೊಟೋನಿನ್‌ನಲ್ಲಿ ಹೆಚ್ಚಿನ ಪಾಲು ಕರುಳಿನಲ್ಲೇ ಇರುವುದರಿಂದ ವಾಕರಿಕೆ, ಭೇದಿಯೂ ಬರಬಹುದು. ಇದೆಲ್ಲ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ನಿಜವಾದ ಗುಣ ಕಾಣಲು 2ರಿಂದ 6 ವಾರ ಹಿಡಿಯುತ್ತದೆ.

ನನಗೆ ಎಸ್ಸಿಟಾಲೋಪ್ರಾಮ್ 5 ಮಿಲಿಗ್ರಾಂ ಕೊಟ್ಟಿದ್ದರು, ತೀರಾ ಕಡಿಮೆ ಡೋಸ್. ಆದರೂ ನಸುಕಿಗೇ ಎಚ್ಚರವಾಗಿ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ಕೈ ನಡುಗುತ್ತಿತ್ತು. ಕಾಯಿಲೆ ಜಾಸ್ತಿಯಾಯಿತು ಅಂತಲೇ ಹೆದರಿದ್ದೆ. ಡಾಕ್ಟರಿಗೆ ಫೋನ್ ಮಾಡಿದರೆ, "ಇದು ಮಾತ್ರೆಯಿಂದ ಬರುತ್ತಿರೋದು, ಸ್ವಲ್ಪ ದಿನ ತಡ್ಕೊಳ್ಳಿ, ಇಳಿಯುತ್ತೆ" ಅಂದರು. ಇಳಿಯಿತು ಕೂಡ. ಅದೇ ಮಾತನ್ನು ಚೀಟಿ ಬರೆಯುವಾಗಲೇ ಹೇಳಲು ಅರ್ಧ ನಿಮಿಷ ಸಾಕಿತ್ತು, ಅಲ್ವಾ?

ಇನ್ನೊಂದು ವಿಷಯ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ಮೊದಲ ದಿನಗಳ ಗಾಬರಿ ತಡೆಯಲು ಅನೇಕ ವೈದ್ಯರು ಜೊತೆಗೆ ಕ್ಲೋನಾಜೆಪಾಮ್ ಅನ್ನುವ, ಬೇಗ ಶಾಂತಗೊಳಿಸಿ ಮಂಪರು ತರುವ ಮಾತ್ರೆ ಕೊಡುತ್ತಾರೆ. ಕೆಲವು ವಾರಗಳ ಮಟ್ಟಿಗೆ ಅದು ಸರಿಯೇ. ಆದರೆ ಮನೆಯಲ್ಲಿ ಏನಾಗುತ್ತದೆ ನೋಡಿ. ಕ್ಲೋನಾಜೆಪಾಮ್ ನುಂಗಿದ ಒಂದು ಗಂಟೆಯೊಳಗೆ ಹಾಯ್ ಅನ್ನಿಸುತ್ತದೆ. ಎಸ್ಸಿಟಾಲೋಪ್ರಾಮ್ ವಾರಗಟ್ಟಲೆ ಏನೂ ಮಾಡಿದ ಹಾಗೆ ಕಾಣುವುದಿಲ್ಲ, ಮೇಲೆ ಹೊಟ್ಟೆ ತೊಳಸುತ್ತದೆ. ಜನ ಯಾವುದನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ? ದೀರ್ಘಕಾಲ ತಗೊಳ್ಳಬೇಕಾದದ್ದನ್ನು ಬಿಟ್ಟು, ಬೇಗ ಬಿಡಬೇಕಾದದ್ದನ್ನು ಹಿಡಿದುಕೊಳ್ಳುತ್ತಾರೆ. ಅಭ್ಯಾಸವಾಗುವ ಅಪಾಯ ಇರುವುದು ಆ ಕ್ಲೋನಾಜೆಪಾಮ್‌ಗೇ. ಅಮ್ಮಂದಿರು "ಬೇಡ ಕಣೇ, ಅಭ್ಯಾಸ ಆಗ್ಬಿಡುತ್ತೆ" ಅನ್ನುವುದರಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಎಲ್ಲ ಮಾತ್ರೆಯನ್ನೂ ನಿದ್ದೆ ಮಾತ್ರೆ ಅಂತಲೇ ಎಣಿಸುವುದರಿಂದ ಆ ಎಚ್ಚರಿಕೆ ತಪ್ಪು ಮಾತ್ರೆಯ ಮೇಲೆ ಬೀಳುತ್ತದೆ.

ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಇವೆರಡನ್ನೂ ಸೇರಿಸಿದ ಒಂದೇ ಮಾತ್ರೆಯೂ ಸಿಗುತ್ತದೆ. ನುಂಗಲು ಸುಲಭ. ಆದರೆ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಡಿಮೆ ಮಾಡಲು ಅದರಲ್ಲಿ ಆಗುವುದಿಲ್ಲ. ಸ್ಟ್ರಿಪ್ ಮುಗಿದು ನಿಲ್ಲಿಸಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಬೇರೆ ಬೇರೆ ಬರೆದುಕೊಡಿ ಅಂತ ಕೇಳುವುದು ರೋಗಿಯ ಹಕ್ಕು ಅಂತ ನಾನು ನಂಬಿದ್ದೇನೆ.

ಬಿಡುವಾಗಿನ ಕಥೆಯೂ ಹೀಗೆಯೇ. ಹಬ್ಬಕ್ಕೆ ಊರಿಗೆ ಹೋಗಿರುತ್ತೇವೆ, ಮಾತ್ರೆ ಮುಗಿದಿರುತ್ತದೆ, ಅಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ. ಎರಡು ಮೂರು ದಿನಕ್ಕೆ ತಲೆ ತಿರುಗು, ವಿಚಿತ್ರ ಕನಸು, ಸಿಡಿಮಿಡಿ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಕಾಯಿಲೆ ಮರಳಿ ಬಂತು ಅಂತ ಮನೆಯೆಲ್ಲ ಗಾಬರಿ. ಕಾಯಿಲೆ ಮರಳುವುದಾದರೆ ಸಾಮಾನ್ಯವಾಗಿ ವಾರ, ತಿಂಗಳುಗಳಲ್ಲಿ ನಿಧಾನಕ್ಕೆ ಬರುತ್ತದೆ. ಮಾತ್ರೆ ನಿಂತ ತೊಂದರೆ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಆ ಕರೆಂಟ್ ಹೊಡೆತ ಮೊದಲು ಎಂದೂ ಇರದ ಲಕ್ಷಣ, ಮಾತ್ರೆ ಮತ್ತೆ ಶುರು ಮಾಡಿದರೆ ಬೇಗ ಇಳಿಯುತ್ತದೆ. ದೇಹದಿಂದ ಬೇಗ ಹೊರಹೋಗುವ ಪ್ಯಾರೊಕ್ಸೆಟಿನ್, ವೆನ್ಲಾಫಾಕ್ಸಿನ್‌ಗಳಲ್ಲಿ ಇದು ಜಾಸ್ತಿ. ಹೆಚ್ಚು ದಿನ ಉಳಿಯುವ ಫ್ಲುಯೊಕ್ಸೆಟಿನ್‌ನಲ್ಲಿ ಕಡಿಮೆ.

2019ರಲ್ಲಿ ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ ಅನ್ನುವ ಸಂಶೋಧಕರು 'ಲ್ಯಾನ್ಸೆಟ್ ಸೈಕಿಯಾಟ್ರಿ' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಈ ಮಾತ್ರೆಗಳನ್ನು ಬಿಡುವ ಬಗ್ಗೆ ಒಂದು ಲೇಖನ ಬರೆದರು. ಡೋಸ್ ಅರ್ಧಕ್ಕೆ ಇಳಿಸಿದರೆ ಮೆದುಳಿನ ಮೇಲಿನ ಪರಿಣಾಮ ಅರ್ಧಕ್ಕೆ ಇಳಿಯುವುದಿಲ್ಲ. ದೊಡ್ಡ ಡೋಸ್‌ನಲ್ಲಿ ಸ್ವಲ್ಪವೇ ಇಳಿಯುತ್ತದೆ, ಕೊನೆಯ ಚಿಕ್ಕ ಡೋಸ್‌ನಿಂದ ಸೊನ್ನೆಗೆ ಬರುವಾಗ ಧಡಕ್ಕನೆ ಬೀಳುತ್ತದೆ. ಹಾಗಾಗಿ ಕೊನೆಗೆ ಬಂದಷ್ಟೂ ಇನ್ನೂ ನಿಧಾನ ಮಾಡಬೇಕು ಅನ್ನುವುದು ಅವರ ವಾದ. ನಮ್ಮಲ್ಲಿ ನಡೆಯುವುದು ಇದಕ್ಕೆ ಉಲ್ಟಾ. "ಈಗ ಬರೀ ಅರ್ಧ ಮಾತ್ರೆ ತಾನೇ, ಬಿಟ್ಟುಬಿಡು" ಅನ್ನುತ್ತಾರೆ. ನಾನೀಗ ಆ ಅರ್ಧದಲ್ಲೇ ಇದ್ದೇನೆ. ಡಾಕ್ಟರ್ ಜೊತೆ ಮಾತಾಡಿ, ತಿಂಗಳುಗಳನ್ನೇ ತಗೊಂಡು ಇಳಿಯುತ್ತಿದ್ದೇನೆ. ಬಾಗಿಲಿಗೆ ಬಂದ ಮದುವೆ, ಪರೀಕ್ಷೆ, ವರ್ಗಾವಣೆ ಇರುವಾಗ ಡೋಸ್ ಮುಟ್ಟಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಿಡಲೇಬೇಕು ಅಂತಲೂ ಇಲ್ಲ. ದೀರ್ಘಕಾಲ ಖಿನ್ನತೆಯ ಮಾತ್ರೆ ತಗೊಂಡು, ಈಗ ಬಿಡಬಹುದು ಅನ್ನುವಷ್ಟು ಚೆನ್ನಾಗಿದ್ದವರ ಮೇಲೆ ಇಂಗ್ಲೆಂಡಿನಲ್ಲಿ ಒಂದು ಅಧ್ಯಯನ ನಡೆದು 2021ರಲ್ಲಿ ಪ್ರಕಟವಾಯಿತು. ಬಿಟ್ಟವರಲ್ಲಿ ವರ್ಷದೊಳಗೆ ನೂರಕ್ಕೆ 56 ಜನರಿಗೆ ಕಾಯಿಲೆ ಮರಳಿತು, ಮುಂದುವರಿಸಿದವರಲ್ಲಿ 39 ಜನರಿಗೆ. ಬಿಟ್ಟೂ ಚೆನ್ನಾಗಿದ್ದವರು 44 ಜನ ಇದ್ದಾರೆ, ಅದನ್ನೂ ನೋಡಬೇಕು. ಬಿಡುವುದೋ ಮುಂದುವರಿಸುವುದೋ ಅನ್ನುವುದು ಆ ಮನುಷ್ಯ ಮತ್ತು ವೈದ್ಯರು ಕೂತು ತೀರ್ಮಾನಿಸುವ ವಿಷಯ. ಚಿಕ್ಕಪ್ಪನದಲ್ಲ, ಪಕ್ಕದ ಮನೆಯವರದಲ್ಲ.

ಕಷ್ಟದ ದಿನಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಸಣ್ಣ ಸಂಗತಿಗಳು. ಮಾತ್ರೆಯನ್ನು ಬೆಳಗಿನ ತಿಂಡಿ ಆದಮೇಲೆ ತಗೊಳ್ಳುವುದು. ಸಂಜೆಯ ಕಾಫಿ ಬಿಡುವುದು. ಉಸಿರು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. ಮನೆಯಲ್ಲಿ ಒಬ್ಬರಿಗಾದರೂ "ಈ ವಾರ ನಾನು ಹೀಗಿರ್ತೀನಿ" ಅಂತ ಮೊದಲೇ ಹೇಳಿಡುವುದು. ಅಕ್ಕನಿಗೆ ಹೇಳಿದ್ದೆ. ಅವಳು ಏನೂ ಬುದ್ಧಿ ಹೇಳದೆ ಜೊತೆಗೆ ವಾಕಿಂಗ್ ಬರುತ್ತಿದ್ದಳು.

ಆದರೆ ಎಲ್ಲವನ್ನೂ ತಡೆದುಕೊಳ್ಳಬೇಕಿಲ್ಲ. ಸಾಯಬೇಕು ಅನ್ನಿಸಿದರೆ, ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. 25 ವರ್ಷ ದಾಟದವರ ಮೇಲೆ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ ಮನೆಯವರು ಕಣ್ಣಿಟ್ಟಿರಬೇಕು. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.