ಸ್ಪಷ್ಟನೆ: ಟಿಕ್ ಎಂಬುದು ಮಕ್ಕಳ ಚೇಷ್ಟೆಯಲ್ಲ

"ಪದೇ ಪದೇ ಕಣ್ಣು ಮಿಟುಕಿಸುವ, ಭುಜ ಕುಣಿಸುವ, ಗಂಟಲು ಸರಿಮಾಡಿಕೊಳ್ಳುವ ಮಕ್ಕಳು ಗದರಿದರೆ ನಿಲ್ಲಿಸುತ್ತಾರೆ. ಅಂದಮೇಲೆ ಅದು ಬೇಕೆಂದೇ ಮಾಡುವ ಚೇಷ್ಟೆ, ಬಿಡುವವರೆಗೂ ಗದರಿ" ಎಂಬ ಸಂದೇಶ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೀಗೆ ಮತ್ತೆ ಮತ್ತೆ ಬರುವ, ತಡೆಯಲು ಕಷ್ಟವಾಗುವ ಚಲನೆ ಅಥವಾ ಸದ್ದಿಗೆ ಟಿಕ್ ಎನ್ನುತ್ತಾರೆ.

ಗದರಿದಾಗ ಸ್ವಲ್ಪ ಹೊತ್ತು ನಿಲ್ಲಬಹುದು, ನಿಜ. ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಟಿಕ್ ಬರುವ ಮುಂಚೆ ದೇಹದ ಆ ಭಾಗದಲ್ಲಿ ಒಂದು ಒತ್ತಡ, ತುರಿಕೆಯಂಥ ಕಸಿವಿಸಿ ಏಳುತ್ತದೆ ಎಂದು ಟಿಕ್ ಇರುವ ದೊಡ್ಡವರಲ್ಲಿ ಹೆಚ್ಚಿನವರು ಹೇಳುತ್ತಾರೆ. ಆ ಚಲನೆ ಮಾಡಿದರೆ ಕ್ಷಣಕಾಲ ಹಾಯೆನಿಸುತ್ತದೆ. ಸೀನು ಬರುವಾಗ ಮೂಗು ಹಿಡಿದು ತಡೆದದ್ದನ್ನು ನೆನಪಿಸಿಕೊಳ್ಳಿ: ತಡೆದವರು ನೀವೇ, ಆದರೆ ಸೀನನ್ನು ಕರೆಸಿದ್ದು ನೀವಲ್ಲ. ಹಾಗಾಗಿಯೇ "ನಾನೇ ಮಾಡಿದೆನೋ, ತಾನಾಗಿ ಆಯಿತೋ" ಎಂದು ಅವರಲ್ಲಿ ಅನೇಕರಿಗೆ ಖಚಿತವಾಗಿ ಹೇಳಲಾಗುವುದಿಲ್ಲ. ತರಗತಿಯಲ್ಲಿ ತಡೆದುಕೊಂಡೇ ಕೂತ ಮಗುವಿಗೆ ಪಾಠದ ಕಡೆ ಗಮನ ಉಳಿಯದೆ ಹೋಗಬಹುದು. ಆ ಶ್ರಮ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಸಂದೇಶ ಓದಿ ನನಗೆ ಸಂಕಟವಾದದ್ದು ಅದಕ್ಕೇ. ಮೇಲಾಗಿ ಆತಂಕ ಹೆಚ್ಚಿದರೆ ಟಿಕ್ ಕೂಡ ಹೆಚ್ಚುವುದುಂಟು.

ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ 1885ರಲ್ಲಿ ವಿವರಿಸಿದ ಟುರೆಟ್ ಸಿಂಡ್ರೋಮ್ ಇಂಥ ಟಿಕ್‌ಗಳಿರುವ ತೊಂದರೆಯೇ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ 10ರಿಂದ 12ರ ವಯಸ್ಸಿನಲ್ಲಿ ಜೋರಾಗಿದ್ದು, ಆಮೇಲೆ ಹಲವರಲ್ಲಿ ತಗ್ಗುತ್ತದೆ. ಒತ್ತಡ ಏಳುವುದನ್ನು ಗುರುತಿಸಿ ಬದಲಿ ಚಲನೆ ಮಾಡುವ ತರಬೇತಿಯೂ ಇದೆ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.