ಮುಖ ತೋರಿಸಿ, ಒಳಗೆ ಬನ್ನಿ

ನನಗೀಗ 48. ತಲೆ ಮುಕ್ಕಾಲು ಪಾಲು ಬೆಳ್ಳಗಾಗಿದೆ. ಆದರೂ 2025ರ ಆಗಸ್ಟಿನ ಒಂದು ರಾತ್ರಿ ನನ್ನನ್ನು ದೊಡ್ಡವನೆಂದು ಒಪ್ಪಲು ಫೋನು ತಯಾರಿರಲಿಲ್ಲ. ನಾನು ತೆರೆಯಲು ಹೊರಟಿದ್ದು ಕುಡಿತ ಬಿಡಲು ಒದ್ದಾಡುವವರು ಮಾತಾಡಿಕೊಳ್ಳುವ ಒಂದು ಗುಂಪು. ಯಾರೋ ಗೆಳೆಯನಿಗಾಗಿ ಅಂತ ಹೇಳಬಹುದಿತ್ತು. ಬೇಡ ಬಿಡಿ, ನನಗಾಗಿಯೇ. ಪರದೆಯ ಮೇಲೆ ಮೊಟ್ಟೆಯಾಕಾರದ ಗೆರೆ. ಮುಖ ಅದರೊಳಗಿಡಿ. ಎಡಕ್ಕೆ ತಿರುಗಿ. ಬೆಳಕು ಸಾಲದು, ಇನ್ನೊಮ್ಮೆ. ಮೂರು ಸಲ ಹೀಗಾದ ಮೇಲೆ ಪಾಸ್‌ಪೋರ್ಟಿನ ಫೋಟೋ ಕೊಡಿ ಅಂತು. ಹೆಸರು ಹೇಳದೆ ಸುಮ್ನೆ ಕೂತು ಓದಬಹುದು ಅಂತ ಹೋದವನು ನಾನು. ಫೋನು ಮುಚ್ಚಿಟ್ಟೆ.

ನಾನಿರುವ ಬ್ರಿಟನ್ನಿನಲ್ಲಿ ಈ ವಯಸ್ಸಿನ ತಪಾಸಣೆ ಶುರುವಾಗಿದ್ದು ಅದೇ ವರ್ಷ ಜುಲೈ 25ರಂದು, 2023ರ ಆನ್‌ಲೈನ್ ಸೇಫ್ಟಿ ಕಾಯ್ದೆಯ ಅಡಿಯಲ್ಲಿ. ಅಶ್ಲೀಲ ಚಿತ್ರಗಳು, ಆತ್ಮಹತ್ಯೆಗೆ ಕುಮ್ಮಕ್ಕು ಕೊಡುವ ಬರಹಗಳು ಮಕ್ಕಳ ಕಣ್ಣಿಗೆ ಬೀಳಬಾರದು ಅನ್ನುವುದು ಉದ್ದೇಶ. ತಪ್ಪಿದರೆ ದಂಡ 1.8 ಕೋಟಿ ಪೌಂಡ್ ಅಥವಾ ಜಗತ್ತಿನಾದ್ಯಂತದ ವಹಿವಾಟಿನ ಶೇ. 10, ಯಾವುದು ಜಾಸ್ತಿಯೋ ಅದು. ಇಷ್ಟು ದೊಡ್ಡ ದಂಡದ ಭಯ ಇದ್ದಾಗ ಕಂಪನಿಗಳು ಬೇಕಾದ್ದು ಬೇಡದ್ದು ಎಲ್ಲದಕ್ಕೂ ಬೀಗ ಹಾಕದೆ ಇರುತ್ತಾವಾ? ಕುಡಿತ ಬಿಡುವವರ ಗುಂಪನ್ನು ಮುಚ್ಚಿ ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಹಾಗಂತ ಕಾನೂನು ತಂದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. 2017ರಲ್ಲಿ ಇಲ್ಲಿ 14 ವರ್ಷದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಸಾಮಾಜಿಕ ಜಾಲತಾಣಗಳು ಅವಳ ಮುಂದೆ ತಂದು ಸುರಿದ ವಿಷಯಗಳಿಗೂ ಆ ಸಾವಿನಲ್ಲಿ ಪಾಲಿದೆ ಎಂದು 2022ರಲ್ಲಿ ವಿಚಾರಣಾಧಿಕಾರಿ ಹೇಳಿದರು. ಆ ಮನೆಯವರ ಮುಂದೆ ನಿಂತು ನನ್ನ ಖಾಸಗಿತನದ ಮಾತಾಡುವುದು ಸುಲಭವಲ್ಲ.

ಆದರೆ ನಾವು ಕೊಟ್ಟ ಮುಖ, ಕೊಟ್ಟ ಗುರುತಿನ ಚೀಟಿ ಎಲ್ಲಿ ಹೋಗಿ ಕೂರುತ್ತೆ? 2025ರ ಅಕ್ಟೋಬರಿನಲ್ಲಿ ಹರಟೆಯ ಆ್ಯಪ್ ಡಿಸ್ಕಾರ್ಡ್ ಒಂದು ವಿಷಯ ಒಪ್ಪಿಕೊಂಡಿತು. ಅದರ ಕೆಲಸ ಮಾಡಿಕೊಡುತ್ತಿದ್ದ ಹೊರಗಿನ ಸಂಸ್ಥೆಯೊಂದರಿಂದ ಸುಮಾರು 70,000 ಜನರ ಗುರುತಿನ ಚೀಟಿಗಳ ಫೋಟೋ ಕಳ್ಳರ ಕೈಗೆ ಹೋಗಿರಬಹುದು ಅಂತ. ವಯಸ್ಸು ತೋರಿಸಲಿಕ್ಕೆಂದೇ ಕಳಿಸಿದ ಚೀಟಿಗಳು ಅವು. ಅತ್ತ ಹುಡುಗರು ವಿಡಿಯೋ ಗೇಮಿನ ಪಾತ್ರದ ಮುಖ ತೋರಿಸಿಯೇ ಕ್ಯಾಮೆರಾ ದಾಟಿದ್ದರು. ನಿಯತ್ತಾಗಿ ಪಾಸ್‌ಪೋರ್ಟ್ ಕೊಟ್ಟವರು ಸಿಕ್ಕಿಬಿದ್ದರು.

ಬ್ರಿಟಿಷರ ಈ ನಡೆ ನನಗೆ ಸೋಜಿಗ. ಇದೇ ಜನ 2010ರಲ್ಲಿ ಗುರುತಿನ ಚೀಟಿಯ ಕಾಯ್ದೆಯನ್ನೇ ರದ್ದು ಮಾಡಿದವರು. ಸರ್ಕಾರಕ್ಕೆ ಕೊಡಲು ಒಪ್ಪದ್ದನ್ನು ಈಗ ನಾವು ಹೆಸರೇ ಕೇಳಿರದ ಕಂಪನಿಗೆ ಕೊಡಿ ಅನ್ನುತ್ತಿದ್ದಾರೆ. ನಮ್ಮ ಕಡೆ ಉಲ್ಟಾ. ಆಧಾರ್ ಜೆರಾಕ್ಸ್ ಕೇಳಿದರೆ ಯಾಕೆ ಅಂತ ಕೇಳುವವರೇ ಕಡಿಮೆ. ಆದರೆ ಅದೇ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠದಿಂದ ತೀರ್ಪು ಬರಲು ಕಾರಣರಾದವರು ಕರ್ನಾಟಕ ಹೈಕೋರ್ಟಿನಲ್ಲಿದ್ದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ ಬರುತ್ತೆ, ಇರಲಿ.

ಭಾರತದ 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಮುಟ್ಟಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟವರು ನಿಜಕ್ಕೂ ದೊಡ್ಡವರಾ ಅಂತಲೂ ನೋಡಬೇಕು. ಅಂದರೆ ಸುತ್ತಿ ಬಳಸಿ ಮತ್ತೆ ದೊಡ್ಡವರ ಗುರುತೇ. ಮನೆಯವರಿಗೇ ಹೆದರುವ 17ರ ಹುಡುಗಿ ಸಹಾಯ ಕೇಳಲು ಮನೆಯವರ ಅನುಮತಿಯನ್ನೇ ಪಡೆಯಬೇಕಾಗಿ ಬಂದರೆ? ಈ ಭಾಗ ನನಗೆ ಸರಿ ಕಾಣುವುದಿಲ್ಲ. ಆದರೆ ಅದೇ ಕಾಯ್ದೆ ಮಕ್ಕಳ ಬೆನ್ನು ಹತ್ತಿ ಅವರ ನಡವಳಿಕೆ ಗಮನಿಸುವುದನ್ನು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನು ಬೇಡ ಅನ್ನುತ್ತೆ. ಇದು ಸರಿಯಾದ ಕಡೆ ಕೈ ಹಾಕಿದ ಮಾತು. ಆ 14ರ ಹುಡುಗಿಯ ಮುಂದೆ ಒಂದಾದ ಮೇಲೊಂದು ಚಿತ್ರ ತಂದು ಸುರಿದದ್ದು ಯಾರಿಗೆ ಏನು ತೋರಿಸಬೇಕೆಂದು ಲೆಕ್ಕ ಹಾಕುವ ಜಾಲತಾಣದ ಯಂತ್ರ. ಮೊದಲು ಅದಕ್ಕೆ ಮೂಗುದಾರ ಹಾಕಬೇಕು ಅಲ್ವಾ?

ವಯಸ್ಸು ಕೇಳಲೇಬೇಕಾದ ಕಡೆ ಕೇಳಲಿ. ಯುರೋಪಿಯನ್ ಒಕ್ಕೂಟ 2025ರಲ್ಲಿ ಒಂದು ಆ್ಯಪ್ ಪ್ರಯೋಗ ಶುರು ಮಾಡಿತು. 18 ದಾಟಿದೆ ಅಂತ ಅಷ್ಟೇ ಹೇಳುತ್ತೆ. ಹೆಸರಿಲ್ಲ, ಹುಟ್ಟಿದ ತಾರೀಖಿಲ್ಲ. ಅಂಥದ್ದೇನಾದರೂ ಇಲ್ಲಿಗೆ ಬಂದರೆ ನೋಡೋಣ. ಸದ್ಯಕ್ಕೆ ನನ್ನ ಪಾಸ್‌ಪೋರ್ಟ್ ಕಪಾಟಿನಲ್ಲೇ ಇದೆ. ಆ ಗುಂಪನ್ನು ನಾನು ಮತ್ತೆ ತೆರೆದಿಲ್ಲ.