ಮಗಳ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಇಲ್ಲ

ಕಳೆದ ಭಾನುವಾರ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಏಳು ವರ್ಷದ ಮಗಳು ಅಂಗಡಿಯಾಟ ಹೂಡಿದ್ದಳು. ನಾಲ್ಕು ಬಟಾಟೆ, ಒಂದು ಹಿಡಿ ಶೇಂಗಾ, ಬಿಸ್ಕತ್ತಿನ ಡಬ್ಬಿಗೆ ಒರಗಿಸಿಟ್ಟ ಒಂದು ರಟ್ಟು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದ ಅಡ್ಡಾದಿಡ್ಡಿ ಚೌಕಗಳು: ಅದು ಕ್ಯೂಆರ್ ಕೋಡ್. ನಾನು ಹತ್ತು ರೂಪಾಯಿಯ ನಾಣ್ಯ ಕೊಡಹೋದರೆ ಮುಟ್ಟಲಿಲ್ಲ. "ಅಪ್ಪಾ, ಸ್ಕ್ಯಾನ್ ಮಾಡು" ಎಂದಳು. ಬರಿಗೈಯನ್ನೇ ರಟ್ಟಿನ ಮುಂದೆ ಹಿಡಿದೆ. ಕೂಡಲೇ ಮೂಗಿನಿಂದ ದನಿ ತೆಗೆದು, ತರಕಾರಿ ಗಾಡಿಯ ಸೌಂಡ್ ಬಾಕ್ಸ್ ಹೇಳುವಂತೆಯೇ, "ದಸ್ ರುಪಯೇ ಪ್ರಾಪ್ತ್ ಹುಯೇ" ಎಂದು ಸಾರಿದಳು.

ನಕ್ಕೆನಾದರೂ ತಂದೆಯ ನೆನಪಾಯಿತು. ಅವರು ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದವರು. ರಾತ್ರಿ ಅವರು ನಾಣ್ಯಗಳನ್ನು ಹತ್ತು ಹತ್ತರ ಅಟ್ಟಿ ಮಾಡಿ ಎಣಿಸುವಾಗ ಪಕ್ಕದಲ್ಲಿ ಕೂತು ನಾನು ಮಗ್ಗಿ ಕಲಿತೆ. ಅಟ್ಟಿಗಳು ಕಡಿಮೆಯಾದ ದಿನ ವ್ಯಾಪಾರ ಮಂದವೆಂಬುದು ಯಾರೂ ಹೇಳದೆಯೇ ತಿಳಿಯುತ್ತಿತ್ತು. ಯುಪಿಐ ಬಂದದ್ದು 2016ರಲ್ಲಿ. ಅದೇ ನವೆಂಬರಿನಲ್ಲಿ ನೋಟು ರದ್ದಾಗಿ ನಾವೆಲ್ಲ ಎಟಿಎಂಗಳ ಮುಂದೆ ಸಾಲುಗಟ್ಟಿ ನಿಂತೆವು. ಮಗಳು ಹುಟ್ಟಿದ್ದು ಆಮೇಲೆ. ಅವಳಿಗೆ ಇದು ನಲ್ಲಿ ನೀರಿನಷ್ಟು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣವೆಂದರೆ ಅವಳ ಪಾಲಿಗೆ ಒಂದು ದನಿ, ಮತ್ತು ದನಿ ಎಷ್ಟು ಸಲ ಬಂದರೂ ಕರಗುವುದಿಲ್ಲ.

ಎರಡು ತಿಂಗಳ ಹಿಂದೆ ಆಟದ ಆ್ಯಪೊಂದರಲ್ಲಿ ಅವಳು ₹399 ಖರ್ಚು ಮಾಡಿದ್ದಳು. ಪಿನ್ ಹೇಗೆ ಗೊತ್ತಾಯಿತೆಂದು ಕೇಳಿದರೆ, "ನಿನ್ನ ಬೆರಳು ಹೋಗೋದು ನೋಡಿದ್ದೆ" ಎಂದಳು. ಬೈದೆ, ಪಿನ್ ಬದಲಿಸಿದೆ. ಏನು ಖಾಲಿಯಾಯಿತೆಂಬುದೇ ಕಾಣದ ಮಗುವಿಗೆ ಬೈದು ಏನು ಪ್ರಯೋಜನ? ಮಕ್ಕಳ ಕೈಗೆ ಮೊಬೈಲನ್ನು ಎಷ್ಟು ಹೊತ್ತು ಕೊಡಬೇಕೆಂದು ನಮ್ಮ ಸೊಸೈಟಿಯ ತಂದೆತಾಯಂದಿರು ಗಂಟೆಗಟ್ಟಲೆ ಚರ್ಚಿಸುತ್ತಾರೆ (ಚರ್ಚೆ ನಡೆಯುವುದೂ ವಾಟ್ಸಾಪಿನಲ್ಲೇ). ಅದೇ ಮೊಬೈಲು ಮನೆಯ ಲೆಕ್ಕವನ್ನೆಲ್ಲ ಮಕ್ಕಳ ಕಣ್ಣಿನಿಂದ ಮರೆಮಾಡಿದೆಯೆಂಬುದು ಯಾರಿಗೂ ಚಿಂತೆಯಾದಂತಿಲ್ಲ. ಹತ್ತು ದಾಟಿದ ಮಕ್ಕಳಿಗೆ ಸ್ವತಃ ಉಳಿತಾಯ ಖಾತೆ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ನನಗೆ ಉಳಿದಿರುವುದು ಮೂರೇ ವರ್ಷ.

ಈಗ ಹಾಲಿನವನಿಗೆ ಹಣ ಕಳಿಸಿದ ಮೇಲೆ ಉಳಿದ ಮೊತ್ತವನ್ನು ಅವಳಿಗೇ ತೋರಿಸಿ, ಅವಳ ಕೈಯಿಂದಲೇ ಪುಸ್ತಕದಲ್ಲಿ ಬರೆಸುತ್ತೇನೆ. ಶನಿವಾರ ಐವತ್ತು ರೂಪಾಯಿಯನ್ನು ನಾಣ್ಯಗಳಲ್ಲೇ ಕೊಡುತ್ತೇನೆ. ಮೊನ್ನೆ ಸ್ಟೇಷನ್ನಿನ ಹೊರಗೆ ವಡಾಪಾವ್ ಗಾಡಿಯ ಮುಂದೆ, ಉಳಿದಿದ್ದ ಇಪ್ಪತ್ತು ರೂಪಾಯಿಯನ್ನು ಅಂಗೈಯಲ್ಲಿ ಹಿಡಿದು, ಒಮ್ಮೆ ವಡೆಯನ್ನೂ ಒಮ್ಮೆ ಪಕ್ಕದ ಬಲೂನುಗಳನ್ನೂ ನೋಡುತ್ತ ಅವಳು ಎಷ್ಟು ಹೊತ್ತು ನಿಂತಳೆಂದರೆ, ಗಾಡಿಯವನು ಅವಳ ಹಿಂದಿದ್ದ ಮೂವರಿಗೆ ಕೊಟ್ಟು ಮುಗಿಸಿದ್ದ.